ಹಿಂದೆ ಬರುತ್ತಿದ್ದ ವ್ಯಾನು

ಮಸ್ಕಿ

ನಾನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಲಿಂಗಸುಗೂರು, ಮಸ್ಕಿ, ಸಿಂಧನೂರು. ಮತ್ತೆ ಸಿಂಧನೂರು, ಮಸ್ಕಿ, ಲಿಂಗಸುಗೂರು. ಈ ದಾರಿಯಲ್ಲಿ ಯಾವ ತಗ್ಗು ಯಾವ ಮಳೆಗಾಲದಲ್ಲಿ ಹುಟ್ಟಿತು ಎಂದು ಕೇಳಿದರೂ ಹೇಳಬಲ್ಲೆ. ಆದರೆ ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಕೂತೆನೆಂದರೆ ಮುಗಿಯಿತು, ಜೀವ ಬಾಯಿಗೆ ಬಂದಿರುತ್ತದೆ. ಬಲಗಾಲು ತಾನಾಗಿ ನೆಲ ಒತ್ತುತ್ತದೆ, ಅಲ್ಲಿ ಬ್ರೇಕ್ ಇರುವುದಿಲ್ಲ. ನನ್ನ ಮನೆಯವಳು ನನ್ನ ಪಕ್ಕ ಬಸ್ಸಿನಲ್ಲಿ ಕೂರುವುದನ್ನೇ ಬಿಟ್ಟು ವರ್ಷಗಳಾದವು.

ಅಂಥವನ ಮುಂದೆ ತಂಗಿ ಗೌರಮ್ಮ ಒಂದು ಬೆಳಿಗ್ಗೆ ಬಂದು ನಿಂತಳು.

"ಅಣ್ಣಾ, ಪಾಸ್‌ಪೋರ್ಟ್ ಮಾಡ್ಸು. ಅಮರೇಶ ಜಾವಾಕ್ಕ ಹೊಂಟಾನ. ನಾವಿಬ್ರೂ ಹೋಗೂನು."

"ನಿನ್ನ ಗಂಡ?"

"ಅವರಿಗೆ ಹಟ್ಟ್ಯಾಗ ರಜಾ ಸಿಗವಲ್ದು. ಗಣಿ ಪಾಳಿ ಬಿಟ್ಟು ಹೆಂಗ ಬರ್ತಾರ? ನೀ ರಿಟೈರ್ ಆಗಿ ಕಟ್ಟಿ ಮ್ಯಾಲ ಸುಮ್ನ ಕುಂತಿ. ಏಳು, ಎದ್ದೇಳು."

ಅಮರೇಶ ಗೌರಮ್ಮನ ಒಬ್ಬನೇ ಮಗ, ಸೈಕಲ್ ಸವಾರ. ಹತ್ತಾರು ದೇಶಗಳು ಸೇರುವ ಕ್ರೀಡಾಕೂಟವೊಂದು ಇಂಡೋನೇಷ್ಯಾದಲ್ಲಿ ನಡೆಯುವುದಿತ್ತು. ಓಟ, ಈಜು, ಕುಸ್ತಿ ಎಲ್ಲ ಇರುವ ಕೂಟ. ಅದರಲ್ಲಿ ಗಂಡಸರ ರಸ್ತೆ ಸೈಕಲ್ ಸ್ಪರ್ಧೆಗೆ ನಮ್ಮ ದೇಶದಿಂದ ಹೋಗುವವರಲ್ಲಿ ಇವನೂ ಒಬ್ಬ. ಊರಲ್ಲಿ ಎಲ್ಲರೂ ಪದಕ, ಪದಕ ಅನ್ನುತ್ತಿದ್ದರು. ನನಗೂ ತಂಗಿಗೂ ಪದಕದ ಚಿಂತೆ ಇರಲಿಲ್ಲ. ನಮ್ಮ ಚಿಂತೆಯೇ ಬೇರೆ, ಅದು ಒಂದು ವ್ಯಾನಿನದು.

ಈ ಸ್ಪರ್ಧೆಗಳಲ್ಲಿ ಕಟ್ಟಕಡೆಯ ಸವಾರನ ಹಿಂದೆ ಒಂದು ವ್ಯಾನು ಬರುತ್ತದೆ. ತೀರ ಹಿಂದೆ ಬಿದ್ದವನನ್ನು ಸೈಕಲ್ ಸಮೇತ ಹತ್ತಿಸಿಕೊಳ್ಳುತ್ತದೆ. ಹತ್ತಿದವನ ಹೆಸರಿನ ಮುಂದೆ ಸಮಯ ಬರೆಯುವುದಿಲ್ಲ. ಅವನು ಬಂದದ್ದೂ ಒಂದೇ, ಬಾರದಿದ್ದದ್ದೂ ಒಂದೇ. ಹೊರದೇಶದ ಎರಡು ಸ್ಪರ್ಧೆಗಳಲ್ಲಿ ಅಮರೇಶ ಆ ವ್ಯಾನು ಹತ್ತಿದ್ದ. ಎರಡೂ ಸಲ ಮೊದಲ ಏರಿನಲ್ಲಿ ಮುಂದಿನವರ ಬೆನ್ನು ಹತ್ತಿ, ಎದೆ ಒಡೆದುಕೊಂಡು, ಕೂತುಬಿಟ್ಟಿದ್ದ. ಮೂರನೆಯ ಸಲವೂ ಹತ್ತಿದರೆ ತರಬೇತಿ ಶಿಬಿರದಿಂದ ಮನೆಗೆ ಎಂದು ತರಬೇತುದಾರರು ಮುಖಕ್ಕೇ ಹೇಳಿದ್ದರು. ಹದಿನಾಲ್ಕನೇ ವಯಸ್ಸಿನಿಂದ ಬೇರೆ ಏನನ್ನೂ ಮಾಡದ ಹುಡುಗ ಮನೆಗೆ ಬಂದು ಮಾಡುವುದಾದರೂ ಏನು? ಈ ಪ್ರಶ್ನೆ ನನ್ನನ್ನು ಜಾವಾದವರೆಗೂ ಬಿಡಲಿಲ್ಲ.

ಅವನಿಗೆ ಏರು ಬಾರದೆ ಇದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಸಿಂಧನೂರಿನ ಕಡೆ ನೆಲ ಎಂದರೆ ಕಾಲುವೆ ನೀರು ಹರಿಯುವಷ್ಟು ಸಪಾಟು. ಏರು ಎಂದರೆ ನಮ್ಮಲ್ಲಿ ಕಾಲುವೆ ಸೇತುವೆ. ಮಸ್ಕಿಯಲ್ಲಿ ಮಲ್ಲಿಕಾರ್ಜುನನ ಗುಡ್ಡ ಇದೆ, ಸರಿ, ಆದರೆ ಅದಕ್ಕೆ ಮೆಟ್ಟಿಲು. ಹುಡುಗ ಕಲಿತದ್ದು ನನ್ನ ಬಸ್ಸಿನ ಹಿಂದೆ. ಬಸ್ಸು ಗಾಳಿಯನ್ನು ಸೀಳುತ್ತದೆ, ಹಿಂದೆ ಅಂಟಿಕೊಂಡವನಿಗೆ ವೇಗ ಸಿಗುತ್ತದೆ. ಕನ್ನಡಿಯ ಅಂಚಿನಲ್ಲಿ ನನಗೆ ಅವನ ಒಂದು ಮೊಣಕಾಲು ಮಾತ್ರ ಕಾಣುತ್ತಿತ್ತು, ಮೇಲೆ ಕೆಳಗೆ, ಮೇಲೆ ಕೆಳಗೆ. ಅದು ತಪ್ಪು ಎಂದು ಗೊತ್ತಿತ್ತು. ಬೈದೆ, ಕೇಳಲಿಲ್ಲ. ಕೊನೆಗೆ ಬ್ರೇಕ್ ಹಾಕುವ ಮುನ್ನ ಕಿಟಕಿಯಿಂದ ಬಲಗೈ ಚಾಚಿ ತೋರಿಸುವುದನ್ನು ರೂಢಿ ಮಾಡಿಕೊಂಡೆ. ಅಂಗೈ ಕೆಳಗೆ ಮಾಡಿ ಆಡಿಸಿದರೆ ನಿಧಾನ ಮಾಡುತ್ತಿದ್ದೇನೆ ಎಂದು. ಮುಂದಕ್ಕೆ ಬೀಸಿದರೆ ಹಾದಿ ಖಾಲಿ, ದಾಟಿಕೊಂಡು ಹೋಗು ಎಂದು. ಎಲ್ಲ ಹಳೆಯ ಡ್ರೈವರುಗಳೂ ಮಾಡುವುದೇ.

ನಿವೃತ್ತಿಯ ದಿನ ನನಗೆ "ಅಪಘಾತರಹಿತ ಸೇವೆ" ಎಂದು ಪ್ರಮಾಣಪತ್ರ ಕೊಟ್ಟರು. ಗಾಜಿನ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೆ. ಹೊರಡುವ ದಿನ ಅದರ ಕೆಳಗೇ ನಿಂತು ಚಪ್ಪಲಿ ಹಾಕಿಕೊಂಡೆ, ಮೇಲೆ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ವಿಮಾನ ನಿಲ್ದಾಣಗಳು

ವಿಮಾನದ ಬಗ್ಗೆ ಹೇಳುವುದು ಬಹಳ ಇಲ್ಲ. ಡ್ರೈವರ್ ಕಾಣುವುದಿಲ್ಲ, ರಸ್ತೆ ಕಾಣುವುದಿಲ್ಲ, ನನ್ನ ಬಲಗಾಲು ಎರಡು ಸಮುದ್ರ ದಾಟುವವರೆಗೂ ಬ್ರೇಕ್ ಒತ್ತುತ್ತಲೇ ಇತ್ತು. ಇಳಿಯುವಾಗ ಮೀನಖಂಡ ಹಿಡಿದು ಕುಂಟುತ್ತಿದ್ದೆ. ಗೌರಮ್ಮ ಮಾತ್ರ ಬಳಗಾನೂರು ಬಸ್ಸಿನಲ್ಲಿ ಕೂತವಳ ಹಾಗೆ ಬಾಯಿ ತೆರೆದು ನಿದ್ದೆ ಹೊಡೆದಳು.

ಕಷ್ಟ ಬಂದದ್ದು ಆ ಕಡೆ. ಸಮವಸ್ತ್ರದ ಹೆಣ್ಣುಮಗಳೊಬ್ಬಳು ನಮ್ಮ ಚೀಲ ಬಿಚ್ಚಿಸಿದಳು. ಸಜ್ಜೆ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದು ಏನಿದು ಎಂದು ಕೈಸನ್ನೆ ಮಾಡಿದಳು. ಹೇಳಲು ಭಾಷೆ ಬೇಕಲ್ಲ! ಪುಡಿ ಎಂದ ಕೂಡಲೇ ಏನೇನು ಅನುಮಾನ ಬರುತ್ತದೋ, ಇಲ್ಲೇ ಹಿಡಿದು ಕೂರಿಸಿಕೊಂಡರೆ ಅಲ್ಲಿ ಸ್ಪರ್ಧೆ ಮುಗಿದೇ ಹೋಗುತ್ತದೆ ಎಂದು ನಾನು ನಡುಗುತ್ತಿದ್ದರೆ, ಗೌರಮ್ಮ ಒಂದು ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚಿಟಿಕೆ ಆ ಅಧಿಕಾರಿಯ ಅಂಗೈ ಮೇಲೆ ಇಟ್ಟಳು.

"ತಿನ್ನವ್ವಾ, ನಿನಗೇನೂ ಆಗಂಗಿಲ್ಲ."

ಆಕೆ ತಿನ್ನಲಿಲ್ಲ, ಮೂಸಿದಳು. ನಾಲ್ಕು ಸಲ ಸೀನಿದಳು. ನಂತರ ನಗುತ್ತಾ, ಹೋಗಿ ಎಂದು ಕೈ ತೋರಿಸಿದಳು. ಹೆಬ್ಬೆರಳಿನಿಂದ.

ಗುಡ್ಡದ ಬುಡದ ಊರು

ಈ ಹೆಬ್ಬೆರಳು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅಲ್ಲಿನ ಜನ ತೋರುಬೆರಳು ಚಾಚಿ ಏನನ್ನೂ ತೋರಿಸುವುದಿಲ್ಲ, ಅದು ಮರ್ಯಾದೆ ಅಲ್ಲವಂತೆ. ಮುಷ್ಟಿ ಮಾಡಿ ಹೆಬ್ಬೆರಳನ್ನು ಮೆಲ್ಲಗೆ ಆ ಕಡೆ ತಿರುಗಿಸುತ್ತಾರೆ. ಹಿರಿಯರು ಕೂತಿರುವಾಗ ಅವರ ಮುಂದೆ ಹಾದು ಹೋಗಬೇಕಾದರೆ ಸೊಂಟ ಬಾಗಿಸಿ, ಬಲಗೈಯನ್ನು ನೆಲದ ಕಡೆ ಚಾಚಿ, ದಾರಿ ಕೇಳುವ ಹಾಗೆ ಹಾದು ಹೋಗುತ್ತಾರೆ. ನಮ್ಮ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ಬಾಗುತ್ತಾ ಹೋದರೆ ಸೀಟು ಸಿಕ್ಕ ಹಾಗೇ! ಆದರೂ ನೋಡಲು ಹಿತವಾಗಿತ್ತು. ಕೈ ಭಾಷೆಯಲ್ಲಿ ಬದುಕಿದವನು ನಾನು. ಬೇರೆಯವರ ಕೈ ಮೇಲೆ ನನ್ನ ಕಣ್ಣು ಬೇಗ ಹೋಗುತ್ತದೆ.

ಅಲ್ಲಿ ರಸ್ತೆ ಕೂಡುವ ಕಡೆಗಳಲ್ಲಿ ಸೀಟಿ ಹಿಡಿದ ಗಂಡಸರು ನಿಂತಿರುತ್ತಾರೆ. ಯಾರು ನೇಮಿಸಿದ್ದಾರೋ ಗೊತ್ತಿಲ್ಲ. ಕಾರು ಹಿಂದಕ್ಕೆ ತೆಗೆಯುವವರಿಗೆ ಸೀಟಿ ಊದಿ, ಬಾ ಬಾ, ನಿಲ್ಲು ಎಂದು ದಾರಿ ಮಾಡಿಕೊಡುತ್ತಾರೆ. ಆ ಸೀಟಿ ಕೇಳಿದಾಗಲೆಲ್ಲ ನನ್ನ ಹಳೆಯ ಕಂಡಕ್ಟರನ ನೆನಪಾಗಿ ಸ್ವಲ್ಪ ಧೈರ್ಯ ಬರುತ್ತಿತ್ತು. ಗಾಡಿ ಎಡಕ್ಕೇ ಓಡಿಸುತ್ತಾರೆ, ನಮ್ಮ ಹಾಗೆ. ಅಷ್ಟೂ ಇಲ್ಲದಿದ್ದರೆ ನಾನು ಕೋಣೆಯಿಂದ ಹೊರಗೇ ಬರುತ್ತಿರಲಿಲ್ಲ.

ನಾವು ಉಳಿದುಕೊಂಡದ್ದು ಗುಡ್ಡದ ಬುಡದ ಒಂದು ಸಣ್ಣ ಊರಲ್ಲಿ, ಒಬ್ಬ ವಿಧವೆಯ ಮನೆಯಲ್ಲಿ. ಸ್ಪರ್ಧೆ ಆ ಗುಡ್ಡವನ್ನು ಎರಡು ಸಲ ಹತ್ತುವುದಿತ್ತು. ಒಂದು ಸಲ ಹತ್ತಿ, ಆಚೆ ಇಳಿದು, ಬಯಲಲ್ಲಿ ದೊಡ್ಡ ಸುತ್ತು ಹಾಕಿ, ಮತ್ತೆ ಹತ್ತಿ, ಮೇಲಿನ ಸಂತೆ ಮೈದಾನದಲ್ಲಿ ಮುಗಿಸುವುದು. ಮನೆಯೊಡತಿಯನ್ನು ಎಲ್ಲರೂ "ಇಬು" ಎನ್ನುತ್ತಿದ್ದರು, ಅಂದರೆ ಅಮ್ಮ. ಗೌರಮ್ಮನನ್ನೂ ಇಬು ಎನ್ನತೊಡಗಿದರು. ಇಬ್ಬರು ಇಬುಗಳೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ದಿನವಿಡೀ ಮಾತಾಡಿದರು.

ಸುತ್ತ ಭತ್ತದ ಗದ್ದೆ. ಆದರೆ ನಮ್ಮ ತುರ್ವಿಹಾಳದ ಗದ್ದೆಯ ಹಾಗೆ ಕಣ್ಣು ಹಾಯುವವರೆಗೂ ಸಪಾಟಲ್ಲ. ಗುಡ್ಡದ ಮೈಗೆ ಮೆಟ್ಟಿಲು ಕಡಿದು, ಒಂದೊಂದು ಮೆಟ್ಟಿಲಿಗೂ ನೀರು ನಿಲ್ಲಿಸಿದ್ದರು. ಗೌರಮ್ಮ ಒಂದು ತೆನೆ ಕಿತ್ತು ಉಗುರಿನಿಂದ ಸುಲಿದು ನೋಡಿದಳು.

"ನಮ್ಮ ಸೋನಾ ಅಲ್ಲ ಬಿಡು. ಕಾಳು ದಪ್ಪ ಐತಿ." ಆಮೇಲೆ ಗುಡ್ಡದ ತುದಿ ನೋಡಿದಳು. ಅವಳ ಮುಖ ಇಳಿಯಿತು. "ಅಣ್ಣಾ, ಇದನ್ನ ಹತ್ತಬೇಕಾ ಅವ? ಎರಡು ಸಲ?"

"ಎಲ್ಲಾರೂ ಹತ್ತಂಗಿಲ್ಲೇನು?" ಎಂದೆ. ನನ್ನ ದನಿ ನನಗೇ ನಂಬಿಕೆ ಬರುವ ಹಾಗಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ

ಅಮರೇಶ ಆಟಗಾರರ ವಸತಿಯಲ್ಲಿದ್ದ, ನಮ್ಮನ್ನು ಬಂದು ಕಾಣುವಂತಿರಲಿಲ್ಲ. ಫೋನ್ ಮಾಡಿದ.

"ಮಾಮಾ, ಒಂದು ಮಾತು ಬರೋಬ್ಬರಿ ಕೇಳು. ದಾರ್ಯಾಗ ನನಗ ಏನೂ ಕೊಡಬ್ಯಾಡ್ರಿ. ನೀರು ಕೊಡೋ ಜಾಗ ಬ್ಯಾರೆ ಇರ್ತೈತಿ, ಅಲ್ಲಿ ನಮ್ಮ ಟೀಮಿನೋರು ಕೊಡ್ತಾರ. ಹೊರಗಿನೋರು ಕೊಟ್ರ ನನಗ ತೊಂದ್ರೆ ಆಕ್ಕೈತಿ. ತಗದ್ ಹಾಕಿದ್ರೂ ಹಾಕಿದ್ರ. ಅವ್ವಗ ನೀನ ತಿಳಿಸಿ ಹೇಳು. ಅಕಿ ಕೇಳಂಗಿಲ್ಲ."

ನಾನು ಕಾನೂನಿನ ಮನುಷ್ಯ. ತಂಗಿಗೆ ಮೂರು ಸಲ ಹೇಳಿದೆ. ಅವಳು ಹೂಂ ಎಂದಳು. ಹೂಂ ಎನ್ನುತ್ತಲೇ ಇಬುವಿನ ಅಡುಗೆಮನೆಯಲ್ಲಿ ಬೆಲ್ಲ ಕುಟ್ಟತೊಡಗಿದಳು. ತೆಂಗಿನ ರಸದಿಂದ ಮಾಡಿದ ಬೆಲ್ಲ ಅದು, ಕಪ್ಪಗೆ, ಹೊಗೆ ವಾಸನೆ. ಲಿಂಬೆ ಹಿಂಡಿದಳು, ಶುಂಠಿ ಜಜ್ಜಿದಳು, ಮಸ್ಕಿಯಿಂದ ತಂದ ಯಾಲಕ್ಕಿ ಹಾಕಿದಳು.

"ಇದು ಯಾರಿಗೆ?"

"ನಮಗ. ಬಿಸಿಲಾಗ ನಿಂದ್ರಬೇಕಲ್ಲ. ನಾವು ಕುಡಿಯಾಕ ಬ್ಯಾಡೇನು?"

ಅವಳ ಕಣ್ಣು ನೋಡಿಯೇ ನನಗೆ ಗೊತ್ತಾಯಿತು. ಅವಳನ್ನು ದೂರಿ ಪ್ರಯೋಜನವಿಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರು ನಮ್ಮ ಹಾದಿ ಹಿಡಿದೇ ಬರುತ್ತಾರೆ. ನಮ್ಮ ಮನೆಯವರು ಅಜ್ಜನ ಕಾಲದಿಂದ ರಸ್ತೆ ಪಕ್ಕ ಪಾನಕದ ಕೊಡ ಇಟ್ಟುಕೊಂಡು ನಿಲ್ಲುವವರು. ಯಾವ ಊರು, ಯಾವ ಮಂದಿ ಎಂದು ಕೇಳುವಂತಿಲ್ಲ. ಕೈ ಚಾಚಿದವನಿಗೆ ಲೋಟ, ಚಾಚದವನ ಹಿಂದೆ ಓಡಿ ಹೋಗಿಯಾದರೂ ಲೋಟ. ಬಿಸಿಲಲ್ಲಿ ನಮ್ಮ ಮುಂದೆ ಹಾದು ಹೋಗುವವನನ್ನು ಬರಿಗಂಟಲಲ್ಲಿ ಕಳಿಸಿದರೆ ಆ ರಾತ್ರಿ ನಮ್ಮವ್ವ ಊಟ ಮಾಡುತ್ತಿರಲಿಲ್ಲ. ಹಾಗಾಗಿ ಗೌರಮ್ಮ ಮಾಡುವುದನ್ನು ಮಾಡಿಯೇ ತೀರುತ್ತಾಳೆ, ತಡೆಯುವವನು ನಾನೇ ಎಂದು ಬಾಟಲಿಯನ್ನು ಅವಳಿಂದ ಕಸಿದು ನನ್ನ ಚೀಲಕ್ಕೆ ಹಾಕಿಕೊಂಡೆ.

ಮೂರನೆಯ ತಿರುವು

ರಸ್ತೆ ಮುಚ್ಚುವ ಮೊದಲೇ ಇಬು ತನ್ನ ಸ್ಕೂಟರಿನಲ್ಲಿ ಒಬ್ಬೊಬ್ಬರನ್ನೇ ಮೇಲೆ ಬಿಟ್ಟುಬಂದಳು. ಗುಡ್ಡದ ಮೂರನೆಯ ತಿರುವು, ಬಲಗಡೆ ಒಂದು ಹಲಸಿನ ಮರ. ಮುಗಿಯುವ ಗೆರೆ ಅಲ್ಲಿಂದ ನಡೆದು ಹೋಗುವಷ್ಟು ದೂರ, ಮೇಲೆ. ಸುತ್ತ ನೂರಾರು ಜನ, ಕೈಯಲ್ಲಿ ಕಾಗದದ ಬಾವುಟ, ಎಣ್ಣೆಯಲ್ಲಿ ಕರಿದ ತಿಂಡಿ. ನಮ್ಮನ್ನು ನೋಡಿ ನಕ್ಕು ನೆರಳಿನ ಜಾಗ ಬಿಟ್ಟುಕೊಟ್ಟರು. ತಂಗಿ ರಸ್ತೆಗೆ ನುಗ್ಗದಿರಲಿ ಎಂದು ಅವಳ ಸೆರಗಿನ ಚುಂಗು ನನ್ನ ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡೆ. ಯಾರು ಏನು ಅಂದುಕೊಂಡರೋ, ಅಂದುಕೊಳ್ಳಲಿ.

ಮೊದಲು ಮೋಟರ್ ಸೈಕಲ್‌ಗಳು ಬಂದವು. ಆಮೇಲೆ ಗುಂಪು. ಅಬ್ಬಾ! ಅವರಿಗೆ ಅದು ಏರು ಎಂದು ಯಾರೂ ಹೇಳಿದಂತಿರಲಿಲ್ಲ. ಸರಪಳಿಗಳ ಸದ್ದು, ಉಸಿರಿನ ಸದ್ದು, ಒಂದು ಬಿಸಿಗಾಳಿ, ಅಷ್ಟೇ. ಅದರಲ್ಲಿ ಅಮರೇಶ ಇರಲಿಲ್ಲ. ಅದರ ಹಿಂದೆ ಮೂವರು, ನಂತರ ಇಬ್ಬರು, ನಂತರ ಒಬ್ಬ. ಅವರಲ್ಲಿಯೂ ಇಲ್ಲ.

"ಬಿದ್ದಾನೇನೋ ಅಣ್ಣಾ?"

"ಸುಮ್ನಿರು."

"ವ್ಯಾನ್ ಹತ್ಯಾನೇನು?"

"ಸುಮ್ನಿರು ಅಂದ್ನೆಲ್ಲ!"

ಆಗ ಕೆಳಗಿನ ತಿರುವಿನಲ್ಲಿ ನೀಲಿ ಅಂಗಿ ಕಂಡಿತು. ಒಬ್ಬನೇ. ಎಷ್ಟು ನಿಧಾನವಾಗಿ ಬರುತ್ತಿದ್ದನೆಂದರೆ ಅವನ ಕಾಲು ಎಣಿಸಬಹುದಿತ್ತು. ಗೌರಮ್ಮ ಮಗನ ಹೆಸರು ಹಿಡಿದು ಕೂಗಿದ ರಭಸಕ್ಕೆ ಮರದ ಹಕ್ಕಿ ಹಾರಿದವು. ಅವನು ತಲೆ ಎತ್ತಿದ. ನಮ್ಮನ್ನು ಕಂಡ. ಬಲಗೈ ಹ್ಯಾಂಡಲಿನಿಂದ ಬಿಟ್ಟು ನಮ್ಮ ಕಡೆ ಚಾಚಿದ. ಅಂಗೈ ಎರಡು ಸಲ ಆಡಿತು.

"ನೀರು ಕೇಳಾಕತ್ತಾನ! ಅಣ್ಣಾ, ಕೊಡು! ಕೊಡೋ!"

ಬಾಟಲಿ ನನ್ನ ಕೈಯಲ್ಲೇ ಇತ್ತು. ಯಾವಾಗ ಚೀಲದಿಂದ ತೆಗೆದೆನೋ ನನಗೇ ತಿಳಿಯದು. ಹತ್ತು ಹೆಜ್ಜೆ, ಐದು ಹೆಜ್ಜೆ. ಪಕ್ಕದಲ್ಲಿ ಅಧಿಕಾರಿಯ ಮೋಟರ್ ಸೈಕಲ್ ನಿಂತಿತ್ತು. ನಾನು ಬಾಟಲಿಯನ್ನು ಬೆನ್ನ ಹಿಂದೆ ಮಾಡಿಕೊಂಡೆ. ಅಮರೇಶ ಹಾದು ಹೋದ. ಅವನ ತುಟಿ ಬಿಳಿಚಿತ್ತು. ಗೌರಮ್ಮ ಎಳೆದ ರಭಸಕ್ಕೆ ಸೆರಗು ನನ್ನ ಮಣಿಕಟ್ಟನ್ನು ಕೊಯ್ಯಿತು, ಆದರೂ ಬಿಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಕಾನೂನಿನ ಮನುಷ್ಯ ಎಂದಾದರೂ ಹೇಳಿಕೊಳ್ಳಬಹುದಿತ್ತು. ಅಮರೇಶ ತಿರುವು ದಾಟಿ ಮರೆಯಾಗುತ್ತಿದ್ದಂತೆ ಇನ್ನೊಬ್ಬ ಬಂದ. ಹಸಿರು ಅಂಗಿ, ಯಾವ ದೇಶದವನೋ. ಎದ್ದು ನಿಂತು ತುಳಿಯುತ್ತಿದ್ದ, ಬಾಯಿ ತೆರೆದಿತ್ತು, ಅಂಗಿಯ ತುಂಬ ಉಪ್ಪಿನ ಕಲೆ. ಅವನು ಕೈ ಚಾಚಲಿಲ್ಲ, ಏನೂ ಕೇಳಲಿಲ್ಲ. ನನ್ನ ಬೆನ್ನ ಹಿಂದಿನ ಬಾಟಲಿಯ ಮೂತಿ ಅವನಿಗೆ ಕಂಡಿತೇನೋ, ಒಮ್ಮೆ ನೋಡಿದ. ಅಷ್ಟೇ. ನನ್ನ ಕೈ ನನ್ನನ್ನು ಕೇಳದೆ ಮುಂದೆ ಹೋಯಿತು. ಅವನು ಬಾಟಲಿ ಕಿತ್ತುಕೊಂಡು ಹೋದ.

ಅವನ ಹಿಂದೆ, ಮೊದಲ ಗೇರಿನಲ್ಲಿ ಗುರುಗುಡುತ್ತಾ, ಆ ವ್ಯಾನು. ಅದರ ಡ್ರೈವರ್ ಕಿಟಕಿಗೆ ಮೊಣಕೈ ಊರಿ ಏನೋ ಜಗಿಯುತ್ತಿದ್ದ. ಬಿಳಿ ಬಣ್ಣದ ಸಾಧಾರಣ ವ್ಯಾನು, ನಮ್ಮಲ್ಲಿ ಮದುವೆಗೆ ಬಾಡಿಗೆಗೆ ಬರುವಂಥದ್ದು. ಜೀವಮಾನವೆಲ್ಲ ಗಾಡಿ ಓಡಿಸಿದವನು ನಾನು, ಒಂದು ಗಾಡಿಯನ್ನು ನೋಡಿ ಅಷ್ಟು ಹೆದರಿದ್ದು ಅದೇ ಮೊದಲು.

ಅದೇ ತಿರುವು, ಬಿಸಿಲೇರಿದ ಮೇಲೆ

ಗೌರಮ್ಮ ಮೊದಲು ಅತ್ತಳು. ಆಮೇಲೆ ಬೈದಳು.

"ನಾ ಹೆತ್ತ ಮಗ ಕೈ ಚಾಚಿದ್ರ ಕೊಡ್ಲಿಲ್ಲ ನೀ. ಯಾರೋ ಹಾದಿ ಮ್ಯಾಲಿನ ಪರದೇಶದವಗ ಕೊಟ್ಟಿ. ನಿನಗ ಕರುಳು ಐತೋ ಇಲ್ಲೋ? ಅವ ಮುಂದ ಎಲ್ಲ್ಯಾರ ಕಣ್ಣಿಗೆ ಕತ್ತಲಿ ಬಂದು ಬಿದ್ರ ಏನು ಮಾಡ್ಲಿ ನಾ?"

ಅವರು ಬಯಲ ಸುತ್ತು ಮುಗಿಸಿ ಬರುವವರೆಗೆ ಅಲ್ಲೇ ಕಾಯಬೇಕು. ಸುತ್ತಲ ಜನ ಚಾಪೆ ಹಾಸಿ, ಎಲೆಯಲ್ಲಿ ಕಟ್ಟಿದ ಅನ್ನ ಬಿಚ್ಚಿ ನಮಗೂ ಕೊಟ್ಟರು. ನಾನು ತುತ್ತು ಮುಟ್ಟದೆ ಎಲೆ ಮಡಚಿಟ್ಟೆ. ನನ್ನ ತಲೆಯಲ್ಲಿ ಎರಡು ಗಾಣ ಒಟ್ಟಿಗೇ ತಿರುಗುತ್ತಿದ್ದವು. ಅಮರೇಶ ನೀರಿಲ್ಲದೆ ಬೀಳುತ್ತಾನೆ ಎಂಬುದೊಂದು. ನನ್ನ ಪಾನಕ ಕುಡಿದದ್ದಕ್ಕೆ ಆ ಹಸಿರು ಅಂಗಿಯವನನ್ನು ಹೊರಗೆ ಹಾಕುತ್ತಾರೆ ಎಂಬುದು ಇನ್ನೊಂದು. ಅವನಿಗೂ ಎಲ್ಲೋ ಒಬ್ಬ ತಾಯಿ, ಒಬ್ಬ ಮಾವ ಇದ್ದಾರು. ಒಂದೇ ಬಾಟಲಿಯಲ್ಲಿ ಇಬ್ಬರು ಹುಡುಗರನ್ನು ಮುಗಿಸಿದೆನಲ್ಲ ಶಿವನೇ ಎಂದು ಹಲಸಿನ ಮರಕ್ಕೆ ತಲೆ ಆನಿಸಿ ಕೂತೆ.

ಅಲ್ಲಿ, ಆ ಕಾಯುವಿಕೆಯಲ್ಲಿ, ಯಾರಿಗೂ ಹೇಳದೆ ಇಟ್ಟುಕೊಂಡದ್ದು ನನ್ನ ಬಾಯಿಂದ ಹೊರಬಿತ್ತು.

"ಗೌರೀ, ಅಮರೇಶನ ಹೆಗಲ ಎಲುಬು ಮುರಿದಿತ್ತಲ್ಲ, ಹದಿನಾರು ವರ್ಷದವ ಇದ್ದಾಗ? ಕಾಲುವಿ ದಂಡಿ ಮ್ಯಾಲಿಂದ ಜಾರಿ ಬಿದ್ದೆ ಅಂದಿದ್ನಲ್ಲ?"

"ಹೌದು. ಈಗ ಯಾಕ ಅದು?"

"ಕಾಲುವಿ ಅಲ್ಲ. ನನ್ನ ಬಸ್ಸಿಗೆ ಬಡ್ದಾ ಅವ. ಸೇತುವಿ ಹತ್ರ ಎಮ್ಮಿ ಅಡ್ಡ ಬಂತು. ನಾ ಬ್ರೇಕ್ ಹಾಕಿದೆ. ಕೈ ಹೊರಗ ಹಾಕ್ಲಿಲ್ಲ. ಮರ್ತೆ. ಆವತ್ತೊಂದಿನ ಮರ್ತೆ."

ಆ ದಿನ ಬಸ್ಸಿನ ಹಿಂದೆ ಬಿದ್ದಿದ್ದ ಹುಡುಗನನ್ನು ಎತ್ತಿದಾಗ ಅವನು ಹೇಳಿದ್ದು ಒಂದೇ ಮಾತು: "ಮಾಮಾ, ಕಾಲುವಿ ಮ್ಯಾಲಿಂದ ಬಿದ್ದೆ ಅಂತ ಹೇಳೂನು." ನನ್ನ ಕೆಲಸ ಉಳಿಸಲು ಹದಿನಾರರ ಹುಡುಗ ಸುಳ್ಳು ಹೇಳಿದ, ಹಿರಿಯನಾದ ನಾನು ಒಪ್ಪಿಕೊಂಡೆ. ಆಮೇಲೆ ಪ್ರಮಾಣಪತ್ರವನ್ನೂ ತೆಗೆದುಕೊಂಡೆ, ಗಾಜನ್ನೂ ಹಾಕಿಸಿದೆ.

ಗೌರಮ್ಮ ಮುಖ ತಿರುಗಿಸಿಕೊಂಡಳು. ರಸ್ತೆಯನ್ನೇ ನೋಡುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ಕೊನೆಗೆ ಪಕ್ಕದ ಚಾಪೆಯವರಿಂದ ನೀರಿನ ಬಾಟಲಿ ಇಸಿದುಕೊಂಡು ನನ್ನ ಮುಂದೆ ಹಿಡಿದಳು.

"ಬಾಯಿ ಒಣಗೈತಿ ನಿಂದು. ಕುಡಿ ಪೈಲೇ."

ಕುಡಿದೆ. ಅವಳು ಸೆರಗಿನ ಚುಂಗನ್ನು ನನ್ನ ಮಣಿಕಟ್ಟಿನಿಂದ ಬಿಡಿಸಿಕೊಂಡು ಸ್ವಲ್ಪ ದೂರ ಹೋಗಿ ನಿಂತಳು.

ಮತ್ತೆ ಮೋಟರ್ ಸೈಕಲ್‌ಗಳು ಬಂದವು. ಮುಂದಿನವರು ಬಂದರು, ಹೋದರು. ಮೇಲಿನಿಂದ ಜನರ ಕೂಗು ಕೇಳಿ ಯಾರೋ ಗೆದ್ದರು ಎಂದು ತಿಳಿಯಿತು. ಯಾರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಇಬ್ಬರು, ನಾಲ್ವರು, ಒಬ್ಬ. ಹತ್ತು ನಿಮಿಷ ಯಾರೂ ಇಲ್ಲ. ಜನ ಚಾಪೆ ಸುತ್ತತೊಡಗಿದರು. ಆಗ ಕೆಳಗಿನಿಂದ ಮೊದಲ ಗೇರಿನ ಗುರುಗುಟ್ಟುವಿಕೆ ಕೇಳಿಸಿತು. ಡ್ರೈವರನ ಕಿವಿ, ತಪ್ಪುವುದಿಲ್ಲ. ಅದೇ ವ್ಯಾನು.

ಅದರ ಮುಂದೆ ಹಸಿರು ಅಂಗಿ ಕಂಡಿತು. ಅವನೊಬ್ಬನೇ. ಗೌರಮ್ಮನ ಕೈ ಬಾಯಿಗೆ ಹೋಯಿತು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಹಸಿರು ಅಂಗಿಯ ಪಕ್ಕದಲ್ಲಿ, ಅಂಚಿನಲ್ಲಿ, ಏನೋ ಮೇಲೆ ಕೆಳಗೆ ಆಡುತ್ತಿತ್ತು. ಒಂದು ಮೊಣಕಾಲು. ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡಿದ ಮೊಣಕಾಲು ಅದು, ಸಾವಿರ ಮೊಣಕಾಲಿನಲ್ಲಿ ಇಟ್ಟರೂ ಗುರುತು ಹಿಡಿಯುತ್ತೇನೆ.

"ಹಿಂದ ಅದಾನ! ಗೌರೀ, ಅವನ ಹಿಂದ ಅದಾನ!"

ಇಬ್ಬರೂ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಮ್ಮ ಮುಂದೆ ಹಾದು ಹೋದರು. ಅಮರೇಶ ಈ ಸಲ ತಲೆ ಎತ್ತಲಿಲ್ಲ. ವ್ಯಾನು ಅವರ ಹಿಂದೆ ಎರಡು ಬಸ್ಸಿನ ಉದ್ದದಷ್ಟು ಹತ್ತಿರ ಇತ್ತು.

ಗೆರೆಯ ಆಚೆ

ಅರವತ್ತು ದಾಟಿದ ನಾನೂ ಐವತ್ತು ದಾಟಿದ ತಂಗಿಯೂ ಆ ಗುಡ್ಡವನ್ನು ಓಡುತ್ತಾ ಹತ್ತಿದ್ದನ್ನು ನೀವು ನೋಡಬೇಕಿತ್ತು. ಗೌರಮ್ಮ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ನಾನು ಎರಡು ಕಡೆ ಕೂತೆ, ಎರಡು ಕಡೆ ಎದ್ದೆ. ಸಂತೆ ಮೈದಾನ ತಲುಪಿದಾಗ ಮೊದಲು ಕಂಡದ್ದು ವ್ಯಾನು. ಹಿಂಬಾಗಿಲು ತೆರೆದಿತ್ತು. ಒಳಗೆ ಸೈಕಲ್‌ಗಳು. ಗೌರಮ್ಮ ಬಾಗಿಲಿಗೆ ಕೈ ಊರಿ ಒಂದೊಂದನ್ನೇ ನೋಡಿದಳು. ಕೆಂಪು, ಬಿಳಿ, ಕಪ್ಪು, ಮತ್ತೊಂದು ಕಪ್ಪು. ಅವಳ ತುಟಿ ಅಲುಗುತ್ತಿತ್ತು, ದೇವರ ಹೆಸರೋ ಬಣ್ಣದ ಹೆಸರೋ ಗೊತ್ತಿಲ್ಲ.

"ಇದ್ರಾಗ ಇಲ್ಲಣ್ಣಾ," ಎಂದಳು. "ನಮ್ದು ಇದ್ರಾಗ ಇಲ್ಲ."

ಅಮರೇಶ ಬೇಲಿಗೆ ಒರಗಿ ನೆಲದ ಮೇಲೆ ಕೂತಿದ್ದ. ಪಕ್ಕದಲ್ಲಿ ಹಸಿರು ಅಂಗಿಯವನು ಅಂಗಾತ ಮಲಗಿದ್ದ. ನನ್ನ ಬಾಟಲಿ ಅವನ ಬೆನ್ನ ಜೇಬಿನಲ್ಲಿ ಇನ್ನೂ ಇತ್ತು, ಖಾಲಿಯಾಗಿ. ಮುಗಿಸಿದವರಲ್ಲಿ ಅಮರೇಶನದೇ ಕಟ್ಟಕಡೆಯ ಹೆಸರು, ಆದರೆ ಹೆಸರಿನ ಮುಂದೆ ಸಮಯ ಇತ್ತು. ಪಟ್ಟಿಯಲ್ಲಿ ಅದರ ಕೆಳಗಿದ್ದ, ವ್ಯಾನು ಹತ್ತಿದವರ ಹೆಸರುಗಳಿಗೆ ಇರಲಿಲ್ಲ. ಗೌರಮ್ಮ ಮಗನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ನಾನು ದೂರದಲ್ಲೇ ನಿಂತೆ. ಯಾವ ಮುಖ ಹೊತ್ತು ಹತ್ತಿರ ಹೋಗಲಿ?

"ಮಾಮಾ, ಬಾ ಇಲ್ಲಿ," ಎಂದು ಅವನೇ ಕರೆದ. ಹಸಿರು ಅಂಗಿಯವನ ಕಡೆ ಗದ್ದ ಎತ್ತಿ ತೋರಿಸಿದ. "ಇವ ಸುತ್ತಿನಾಗ ಹಿಂದಿನಿಂದ ಬಂದು ನನ್ನ ಹಿಡ್ದ. ಎಲ್ಲಿಂದ ಬಂತೋ ಇವಗ ತ್ರಾಣ! ಬಯಲಾಗ ಗಾಳಿ ಎದುರ ಇತ್ತು, ನಾನೂ ಇವನೂ ಪಾಳಿ ಮ್ಯಾಲ ಮುಂದ ನಿಂತ್ವಿ. ಕಡೀಕ ನನ್ನ ಕಾಲು ಹೋದ್ವು. ಆಮ್ಯಾಲ ಇವನ ನನಗ ಬಸ್ ಆದ. ನಿನ್ನ ಬಸ್ಸಿನಕಿಂತ ಚಲೋ ಅದಾನ, ಹೊಗಿ ಬಿಡಂಗಿಲ್ಲ."

ಆ ತ್ರಾಣ ಎಲ್ಲಿಂದ ಬಂತೆಂದು ಗೌರಮ್ಮನಿಗೂ ನನಗೂ ಗೊತ್ತಿತ್ತು. ಅವಳು ನನ್ನನ್ನು ನೋಡಿದಳು. ನಾನು ಹೇಳಲೇಬೇಕಾಯಿತು.

"ಅಮರೇಶ, ನೀ ಕೈ ಚಾಚಿದಿ, ನಾ ಕೊಡ್ಲಿಲ್ಲಪ್ಪಾ. ನೀನ ಕೊಡಬ್ಯಾಡ ಅಂದಿದ್ದಿ, ಅದಕ್ಕ... ಆಮ್ಯಾಲ ಇವಗ ಕೊಟ್ಟುಬಿಟ್ಟೆ."

"ಏನು ಕೊಡ್ಲಿಲ್ಲ?"

"ನೀರು. ನೀರು ಕೇಳಿದ್ಯಲ್ಲ ನೀ."

ಅವನು ನನ್ನ ಮುಖ ನೋಡಿದ. ಆಮೇಲೆ ನಗತೊಡಗಿದ. ನಕ್ಕರೆ ಪಕ್ಕೆ ನೋಯುತ್ತಿತ್ತೇನೋ, ಕೈಯಲ್ಲಿ ಒತ್ತಿ ಹಿಡಿದುಕೊಂಡೇ ನಕ್ಕ.

"ನೀರು ಯಾರು ಕೇಳಿದ್ರು ಮಾಮಾ? ನನ್ನತ್ರ ಎರಡು ಬಾಟ್ಲಿ ತುಂಬಿ ಇದ್ವು. ಇಲ್ಲಿ ನೋಡು." ಬಲಗೈ ಚಾಚಿದ. ಅಂಗೈ ಕೆಳಗೆ. ಮೇಲೆ ಕೆಳಗೆ, ಎರಡು ಸಲ ಆಡಿಸಿದ. "ಇದು ಏನು? ಇಷ್ಟು ವರ್ಷ ಕಿಟಕಿಯಿಂದ ತೋರ್ಸಿದಿ, ನಿನ್ನ ಕೈ ನಿನಗ ತಿಳೀಲಿಲ್ಲೇನು?"

ನಿಧಾನ ಮಾಡುತ್ತಿದ್ದೇನೆ.

"ಹಿಂದಿನ ಎರಡೂ ಸಲ ಮೊದ್ಲನೇ ಏರಿನಾಗ ಸತ್ತಿದ್ದೆ. ಈ ಸಲ ಬೇಕಂತ ನಿಧಾನ ಹೊಂಟಿದ್ದೆ. ನೀವು ಹಿಂದ ಬಿದ್ದಾನ ಅಂತ ಗಾಬರಿ ಆಗ್ತೀರಿ ಅಂತ ಗೊತ್ತಿತ್ತು ನನಗ. ಅದಕ್ಕ ತೋರ್ಸಿದೆ." ತಾಯಿಯ ಕಡೆ ನೋಡದೆ, ಮೆಲ್ಲಗೆ ಹೇಳಿದ: "ಆವತ್ತು ಸೇತುವಿ ಹತ್ರ ನೀ ತೋರಿಸೋದು ಮರ್ತಿದ್ದಿ. ನಾ ಮರೀಲಿಲ್ಲ ನೋಡು."

ಅಣಕಿಸಿದನೋ, ಕ್ಷಮಿಸಿದನೋ; ಎರಡೂ ಇದ್ದವು. ನಾನು ಅಲ್ಲೇ ಕುಸಿದು ಕೂತು ಅತ್ತೆ. ಮುಚ್ಚಿಟ್ಟುಕೊಂಡು ಹೇಳುವುದೇನಿದೆ, ಮಕ್ಕಳ ಹಾಗೆ ಅತ್ತೆ. ಹಸಿರು ಅಂಗಿಯವನು ಎದ್ದು ಕೂತು, ಬೆನ್ನ ಜೇಬಿನಿಂದ ಖಾಲಿ ಬಾಟಲಿ ತೆಗೆದು, ಅಳುವ ಮುದುಕನಿಗೆ ಇದೇ ಬೇಕಾಗಿದೆ ಎಂದುಕೊಂಡನೋ ಏನೋ, ನನ್ನ ಕೈಗೆ ಕೊಟ್ಟ. ಅವನಿಗೆ ಏನಾದರೂ ಶಿಕ್ಷೆ ಆಯಿತೇ ಎಂದು ಅಮರೇಶನಿಂದ ಕೇಳಿಸಿದೆ. ಎಚ್ಚರಿಕೆ ಕೊಟ್ಟು ಬಿಟ್ಟರಂತೆ. ಆ ಕುಡಿದದ್ದು ಏನು ಎಂದು ಅವನು ತಿರುಗಿ ಕೇಳಿದ. ಗೌರಮ್ಮ ಶುಂಠಿ, ಲಿಂಬೆ, ಯಾಲಕ್ಕಿ ಎಂದು ಬೆರಳು ಮಡಚುತ್ತಾ ಮಾಡುವ ಕ್ರಮವನ್ನೆಲ್ಲ ಕನ್ನಡದಲ್ಲೇ ಹೇಳಿದಳು, ಅವನು ತಲೆ ಆಡಿಸುತ್ತಾ ಕೇಳಿದ.

ಮತ್ತೆ ಮಸ್ಕಿ

ಶಿಬಿರದಲ್ಲಿ ಅಮರೇಶನ ಜಾಗ ಉಳಿಯಿತು. ಬೀಳ್ಕೊಡುವಾಗ ಅವನು ಬೆನ್ನಿಗೆ ಸಿಕ್ಕಿಸಿಕೊಂಡಿದ್ದ ನಂಬರಿನ ಬಟ್ಟೆಯನ್ನು ನನಗೆ ಕೊಟ್ಟ. ಬೆವರಿನ ಉಪ್ಪು ಒಣಗಿ ಗಟ್ಟಿಯಾಗಿತ್ತು, ನಾಲ್ಕು ಮೂಲೆಯಲ್ಲಿ ಪಿನ್ನಿನ ತೂತು.

ಲಿಂಗಸುಗೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಬಂದೆವು. ಡ್ರೈವರ್ ಹೊಸಬ, ತಗ್ಗುಗಳನ್ನು ಒಂದೂ ಬಿಡದೆ ಎತ್ತಿ ಹಾಕಿದ. ನನ್ನ ಬಲಗಾಲು ಎಂದಿನಂತೆ ಬ್ರೇಕ್ ಒತ್ತಿತು. ಗೌರಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ಆ ಹಲಸಿನ ಮರದ ಕೆಳಗೆ ಹೇಳಿದ್ದರ ಬಗ್ಗೆ ಅವಳು ದಾರಿಯುದ್ದಕ್ಕೂ ಒಂದು ಮಾತೂ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಸ್ಟೂಲು ಎಳೆದುಕೊಂಡು ಹತ್ತಿ ಗೋಡೆಯಿಂದ ಪ್ರಮಾಣಪತ್ರ ಇಳಿಸಿದೆ. ಮನೆಯವಳು ಅಡುಗೆಮನೆಯಿಂದ ಹೊರಗೆ ಬಂದು, "ಯಾಕ್ರೀ, ಗಾಜು ಒಡದೈತೇನು?" ಎಂದಳು. ನಾನು ಇಲ್ಲ ಎಂದೆ. ಅದನ್ನು ಒಳಗಿನ ಟ್ರಂಕಿಗೆ ಹಾಕಿ, ನಂಬರಿನ ಬಟ್ಟೆಯನ್ನು ಅದೇ ಮೊಳೆಗೆ ಸಿಕ್ಕಿಸಿದೆ.

"ಇದನ್ನಾರ ಒಗದು ಹಾಕಬಾರದಾ, ಎಷ್ಟು ಕಲಿ ಆಗ್ಯಾವ!" ಎಂದು ಅವಳು ಕೈ ಚಾಚಿದಳು.

ಅವಳ ಹಿಂದೆ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ಗೌರಮ್ಮ, "ಇರ್ಲಿ ಬಿಡು ವೈನಿ," ಎಂದಳು. "ಮುಟ್ಟಬ್ಯಾಡ. ಅದು ಅಣ್ಣಂದು."